ಕೊಳೆ ಮೊದಲೋ, ಎಳೆ ಮೊದಲೋ

ಮಳೆ ಹಿಡಿದು ಹದಿನೈದು ದಿನ ಬಿಡದಿದ್ದರೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಸಾಗರದ ಕಡೆಯ ಒಂದು ಸಣ್ಣ ಹಳ್ಳಿ ನಮ್ಮದು. ಎರಡು ಎಕರೆ ಅಡಿಕೆ ತೋಟ. ವರ್ಷದ ಲೆಕ್ಕವೆಲ್ಲ ಅದರ ಮೇಲೆಯೇ. ಅಪ್ಪ ತೋಟಕ್ಕೊಂದು ಸುತ್ತು ಹಾಕಿ ಬಂದು ಜಗಲಿಯಲ್ಲಿ ಕಂಬಳಿಕೊಪ್ಪೆ ಕೊಡವುವಾಗ ಅಮ್ಮ ಕೇಳುವುದು ಒಂದೇ ಮಾತು: “ಉದುರಿದ್ದಾ?” ಅಪ್ಪ ಉತ್ತರ ಕೊಡದೆ ಬಚ್ಚಲಿಗೆ ಹೋದರೆ ಉದುರಿದೆ ಎಂದರ್ಥ.

ನಾನು ಹೈಸ್ಕೂಲಿನಲ್ಲಿದ್ದಾಗ ಅಂಥದೊಂದು ದಿನ ಮರದ ಬುಡದಲ್ಲಿ ಬಿದ್ದಿದ್ದ ಹಸಿ ಅಡಿಕೆಯೊಂದನ್ನು ಎತ್ತಿಕೊಂಡು ಬಂದಿದ್ದೆ. ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂತೆ ಕಡುಹಸಿರು ಕಲೆ. ಬೇರೇನೂ ಇರಲಿಲ್ಲ. ಕಿಟಕಿಯ ದಂಡೆಯ ಮೇಲಿಟ್ಟು ಮರೆತೆ. ಮೂರು ದಿನ ಬಿಟ್ಟು ನೋಡಿದರೆ ಕಾಯಿಯ ಮೈಮೇಲೆಲ್ಲ ಹತ್ತಿ ಹಿಂಜಿ ಹರಡಿದಂತೆ ಬಿಳಿ ಎಳೆ. ಅಜ್ಜನಿಗೆ ತೋರಿಸಿದೆ. “ಕೊಳೆತದ್ದಕ್ಕೆ ಬೂಷ್ಟು ಬತ್ತು ಕೂಸೆ, ಅದ್ರಲ್ಲಿ ಎಂತ ಇದ್ದು?” ಎಂದು ಅಜ್ಜ ಅದನ್ನು ಅಂಗಳದಾಚೆ ಎಸೆದ.

ಬಹುಶಃ ಅದು ನಮ್ಮ ತೋಟದಲ್ಲಿ ಆ ವರ್ಷದ ಮೊದಲ ಉದುರು. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣವನ್ನು ಒಂದು ಸಲ ಹೊಡೆಸಿ ಆಗಿತ್ತು. ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ಬೀಳಬೇಕು. ಕೊನೆಗೌಡನಿಗೆ ಹೇಳಿ ಕಳಿಸಬೇಕೆಂದು ಅಪ್ಪ ಹೊರಟಾಗ ಅಜ್ಜ ತಡೆದಿದ್ದ. ಒಂದು ಕಾಯಿಯೂ ಬಿದ್ದಿಲ್ಲ, ಎಲ್ಲಿದೆ ಕೊಳೆ? ಮೈಲುತುತ್ತಿನ ದರ ಗೊತ್ತಿದೆಯೋ ಇಲ್ಲವೋ? ಕಂಡ ಮೇಲೆ ಹೊಡೆಸಿದರಾಯಿತು. ಹಾಗೆಯೇ ಕಂಡ ಮೇಲೆ ಹೊಡೆಸಿದರು. ಆ ವರ್ಷ ಅರ್ಧಕ್ಕಿಂತ ಹೆಚ್ಚು ಫಸಲು ಹೋಯಿತು. ದೀಪಾವಳಿಯ ತನಕ ಅಪ್ಪ, ಅಜ್ಜ ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ನನ್ನ ಕೈಲಿ ಹೇಳಿಸುತ್ತಿದ್ದರು.

ಈಗ ನಾನು ಹಳೆಯ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಳೆಯ ಬುಲೆಟಿನ್ನುಗಳ ಧೂಳು ಕೊಡವುತ್ತ ಕುಳಿತಾಗ ಆ ಕಾಯಿ, ಆ ಜಗಳ ಮತ್ತೆ ಮತ್ತೆ ನೆನಪಾಗುತ್ತವೆ. ಮೊದಲು ಮಳೆ, ಆಮೇಲೆ ಕೊಳೆ, ಕೊನೆಗೆ ಬಿಳಿ ಎಳೆ ಎಂಬ ಅಜ್ಜನ ಕ್ರಮವನ್ನೇ ಯುರೋಪಿನ ದೊಡ್ಡ ವಿದ್ವಾಂಸರೂ ನಂಬಿಕೊಂಡಿದ್ದರು. ಆ ಕ್ರಮವನ್ನು ತಿರುಗಿಸಿ ಹಾಕಲು ವಿಜ್ಞಾನಕ್ಕೆ ಹತ್ತಾರು ವರ್ಷ ಬೇಕಾಯಿತು. ನಡುವೆ ಒಂದು ದೇಶವೇ ಹಸಿವಿನಿಂದ ಬರಿದಾಯಿತು.

ಅಷ್ಟು ಕಾಲ ಯಾಕೆ ಬೇಕಾಯಿತೆಂದು ತಿಳಿಯಲು ಆ ಬಿಳಿ ಎಳೆ ಬದುಕುವ ರೀತಿಯನ್ನು ಸ್ವಲ್ಪ ನೋಡಬೇಕು. ವಿಜ್ಞಾನಿಗಳು ಅದನ್ನು ಹೈಫಾ ಎನ್ನುತ್ತಾರೆ. ನೇಯ್ಗೆ, ಬಲೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮ ಪಠ್ಯಪುಸ್ತಕಗಳಲ್ಲಿ ಶಿಲೀಂಧ್ರ ತಂತು ಎಂದಿರುತ್ತದೆ. ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಮೈಕ್ರಾನ್ ಎಂದುಕೊಂಡರೆ, ಸಾಮಾನ್ಯವಾಗಿ ಒಂದು ಎಳೆಯ ದಪ್ಪ 2ರಿಂದ 10 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಹಾಗಾಗಿ ಒಂಟಿ ಎಳೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಕಿಟಕಿಯ ದಂಡೆಯ ಮೇಲೆ ನನಗೆ ಕಂಡದ್ದು ಸಾವಿರಾರು ಎಳೆಗಳ ಗುಂಪು.

ಈ ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ. ಹಿಂದಿನ ಭಾಗದ ಗೋಡೆ ಗಟ್ಟಿಯಾಗಿರುತ್ತದೆ. ತುದಿಯ ಗೋಡೆ ಮೆದು. ಗೋಡೆ ಕಟ್ಟುವ ಸಾಮಾನು ತುಂಬಿದ ಸಣ್ಣ ಸಣ್ಣ ಚೀಲಗಳು ಒಳಗಿನಿಂದ ಸಾಲಾಗಿ ತುದಿಗೆ ಬಂದು ಸೇರುತ್ತವೆ. ಒಳಗಿನ ನೀರಿನ ಒತ್ತಡ ಮೆದುವಾದ ತುದಿಯನ್ನು ಮುಂದಕ್ಕೆ ತಳ್ಳುತ್ತದೆ. 1892ರಲ್ಲಿ ರೈನ್‌ಹಾರ್ಟ್ ಎಂಬ ಜರ್ಮನ್ ವಿಜ್ಞಾನಿ ಬೆಳೆಯುತ್ತಿರುವ ಎಳೆಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ಈ ತುದಿಯ ಬೆಳವಣಿಗೆಯನ್ನು ವಿವರಿಸಿದ. ಎಳೆಗೆ ಕಣ್ಣಿಲ್ಲ, ಆದರೂ ದಾರಿ ಗೊತ್ತು. ಆಹಾರದ ವಾಸನೆ ಇರುವ ಕಡೆಗೆ ತಿರುಗುತ್ತದೆ, ಎಲೆಯ ಮೇಲಿನ ಏರುತಗ್ಗುಗಳನ್ನು ಮುಟ್ಟಿ ತಿಳಿಯುತ್ತದೆ, ಕವಲೊಡೆಯುತ್ತದೆ. ಕೆಲವು ಎಳೆಗಳು ಎದುರಿಗೆ ಗಟ್ಟಿ ಗೋಡೆ ಸಿಕ್ಕಾಗ ತುದಿಯನ್ನು ಅಂಟಿಸಿಕೊಂಡು ಒತ್ತಡ ಏರಿಸಿ ತೂತು ಕೊರೆಯುತ್ತವೆ. ಭತ್ತಕ್ಕೆ ಬರುವ ಬೆಂಕಿ ರೋಗದ ಶಿಲೀಂಧ್ರ ಹೀಗೆ ಹಾಕುವ ಒತ್ತಡ ಸುಮಾರು 80 ವಾತಾವರಣದಷ್ಟು ಎಂದು 1991ರಲ್ಲಿ ಅಳೆದರು. ಕಾರಿನ ಟೈರಿನಲ್ಲಿರುವುದು ಎರಡೋ ಎರಡೂವರೆಯೋ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಎಳೆ ಉಣ್ಣುವ ಬಗೆ. ನಾವು ತಿಂದು ಜೀರ್ಣಿಸುತ್ತೇವೆ. ಎಳೆ ಜೀರ್ಣಿಸಿ ತಿನ್ನುತ್ತದೆ. ಕಿಣ್ವಗಳನ್ನು ಹೊರಗೆ ಸುರಿದು, ಸುತ್ತಲಿನದನ್ನು ಕರಗಿಸಿ, ಆ ರಸವನ್ನು ಮೈಯಿಂದಲೇ ಹೀರುತ್ತದೆ. ಹಾಗಾಗಿ ಎಳೆ ಎಲ್ಲಿ ಮುಗಿಯಿತು, ಅದರ ಸುತ್ತಲಿನ ಜಗತ್ತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಕೊಳೆತ ಕಾಯಿ ಮತ್ತು ಅದನ್ನು ಕೊಳೆಸಿದ ಜೀವಿ ಒಂದಾಗಿ ಕಾಣುತ್ತವೆ. ಅಜ್ಜನನ್ನೂ ವಿದ್ವಾಂಸರನ್ನೂ ತಪ್ಪು ದಾರಿಗೆ ಎಳೆದದ್ದು ಇದೇ.

1833ರಲ್ಲಿ ಆಸ್ಟ್ರಿಯಾದ ಫ್ರಾನ್ಜ್ ಉಂಗರ್ ಗಿಡಗಳ ರೋಗಗಳ ಬಗ್ಗೆ ಒಂದು ಪುಸ್ತಕ ಬರೆದ. ಮುಂದೆ ಬಟಾಣಿ ಗಿಡಗಳ ಪ್ರಯೋಗದಿಂದ ಹೆಸರಾದ ಮೆಂಡೆಲನಿಗೆ ಪಾಠ ಹೇಳಿದ ಉಂಗರ್ ಇವನೇ. ಗಿಡದ ರಸ ಕೆಟ್ಟಾಗ ಮೈಮೇಲೆ ಗುಳ್ಳೆ ಏಳುವಂತೆ ಶಿಲೀಂಧ್ರ ಹೊರಬರುತ್ತದೆ ಎಂಬುದು ಅವನ ವಾದ. ಎಂದರೆ ಎಳೆ ಎನ್ನುವುದು ರೋಗದ ಫಲ. ಹೊರಗಿನಿಂದ ಬಂದ ಬೇರೆ ಜೀವಿಯೇ ಅಲ್ಲ. ಆ ಕಾಲಕ್ಕೆ ಇದು ದಡ್ಡತನದ ಮಾತಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೂ ಕೊಳೆತ ಅಂಗಾಂಶದ ನಡುವೆಯೇ ಎಳೆ ಕಾಣುತ್ತಿತ್ತು.

1845ರ ಬೇಸಿಗೆಯಲ್ಲಿ ಯುರೋಪಿನ ಆಲೂಗಡ್ಡೆ ಹೊಲಗಳು ಕಪ್ಪಾಗತೊಡಗಿದವು. ಎಲೆಯಲ್ಲಿ ಕಲೆ, ಎಲೆಯಡಿಯಲ್ಲಿ ಬಿಳಿ ಬೂಷ್ಟು, ನೆಲದೊಳಗೆ ಕೊಳೆತ ಗಡ್ಡೆ. ನೆಪೋಲಿಯನ್ನನ ಸೈನ್ಯದಲ್ಲಿ ವೈದ್ಯನಾಗಿದ್ದು ನಂತರ ಶಿಲೀಂಧ್ರಗಳ ಹಿಂದೆ ಬಿದ್ದ ಮೊಂತಾನ್ಯ ಪ್ಯಾರಿಸ್ಸಿನಲ್ಲಿ ಆ ಬೂಷ್ಟಿಗೆ ಒಂದು ಹೆಸರಿಟ್ಟ. ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಜೋಸೆಫ್ ಬರ್ಕ್ಲಿ 1846ರಲ್ಲಿ ಲೇಖನ ಬರೆದು, ಈ ಬೂಷ್ಟೇ ರೋಗಕ್ಕೆ ಕಾರಣ ಎಂದ. ಆಗಿನ ಇಂಗ್ಲೆಂಡಿನ ಹೆಸರಾಂತ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಒಪ್ಪಲಿಲ್ಲ. ಆ ವರ್ಷ ಮೋಡ, ತಂಪು, ಮಳೆ ವಿಪರೀತ. ಗಿಡಗಳು ಹೀರಿದ ನೀರನ್ನು ಹೊರಹಾಕಲಾರದೆ ಒಳಗೇ ಕೊಳೆತವು. ಬೂಷ್ಟು ಕೊಳೆತದ್ದರ ಮೇಲೆ ಬಂದದ್ದು ಎಂಬುದು ಅವನ ನಿಲುವು. ಲಿಂಡ್ಲಿಯ ವಾದವನ್ನು ಮೊದಲ ಸಲ ಓದಿದಾಗ ನನ್ನ ಕಿವಿಗೆ ಬಿದ್ದದ್ದು ಅಜ್ಜನ ದನಿ.

ಈ ಚರ್ಚೆ ನಡೆಯುತ್ತಿದ್ದಾಗ ಐರ್ಲೆಂಡಿನ ಬಡವರಿಗೆ ಆಲೂಗಡ್ಡೆ ಬಿಟ್ಟರೆ ಊಟವಿರಲಿಲ್ಲ. ಸುಮಾರು 10 ಲಕ್ಷ ಜನ ಹಸಿವಿನಿಂದ, ಅದರ ಹಿಂದೆ ಬಂದ ಜ್ವರಗಳಿಂದ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿದ್ದರು. ಈ ಸಾವುಗಳಿಗೆ ಶಿಲೀಂಧ್ರವೊಂದೇ ಹೊಣೆಯಲ್ಲ. ಜಮೀನ್ದಾರಿ, ಬ್ರಿಟಿಷ್ ಸರ್ಕಾರದ ಧಾನ್ಯ ನೀತಿ, ಬಡವರನ್ನು ಬದುಕಿಸುವುದು ತನ್ನ ಕೆಲಸವಲ್ಲ ಎಂಬ ಆಡಳಿತದ ಧೋರಣೆ, ಎಲ್ಲವೂ ಸೇರಿದ್ದವು. ಆದರೂ ರೋಗವನ್ನು ಬರೀ ಹವಾಮಾನವೆಂದುಕೊಂಡವರು ಹವಾಮಾನ ಬದಲಾಗಲೆಂದು ಕಾಯಬೇಕಷ್ಟೆ. ಮಳೆಗೆ ಮದ್ದು ಹೊಡೆಯಲು ಆಗುವುದಿಲ್ಲವಲ್ಲ.

ಗಂಟನ್ನು ಬಿಡಿಸಿದವನು ಜರ್ಮನಿಯ ಆಂಟನ್ ಡಿ ಬಾರಿ. 1853ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಪೈರಿಗೆ ಬರುವ ಕಾಡಿಗೆ ಮತ್ತು ತುಕ್ಕು ರೋಗಗಳ ಮೇಲೆ ಪುಸ್ತಕ ಬರೆದು, ಈ ಶಿಲೀಂಧ್ರಗಳು ಗಿಡದ ರಸದಿಂದ ಹುಟ್ಟಿದವಲ್ಲ, ಅವು ಸ್ವತಂತ್ರ ಜೀವಿಗಳು ಎಂದಿದ್ದ. 1861ರಲ್ಲಿ ಆಲೂಗಡ್ಡೆಗೆ ಬಂದ. ರೋಗ ಹಿಡಿದ ಎಲೆಯ ಬೂಷ್ಟಿನಿಂದ ಬೀಜಾಣುಗಳನ್ನು ತೆಗೆದು ನೀರಿನಲ್ಲಿಟ್ಟು ನೋಡಿದ. ಬೀಜಾಣುವಿನ ಚೀಲ ಒಡೆದು ಈಜುವ ಮರಿಗಳು ಹೊರಬಂದವು. ಅವು ಈಜಿ ನಿಂತು, ಮೊಳೆತು, ಎಳೆ ಚಾಚಿ ಆರೋಗ್ಯವಾಗಿದ್ದ ಎಲೆಯೊಳಗೆ ಹೊಕ್ಕವು. ಎಲೆ ಕಪ್ಪಾದದ್ದು ಆಮೇಲೆ. ಬೀಜಾಣು ಹಾಕದ ಎಲೆ ಚೆನ್ನಾಗಿಯೇ ಇತ್ತು. ಮೊದಲು ಎಳೆ, ನಂತರ ಕೊಳೆ ಎಂಬುದು ಹೀಗೆ ಗಟ್ಟಿಯಾಯಿತು. 1876ರಲ್ಲಿ ಡಿ ಬಾರಿ ಆ ಜೀವಿಗೆ ಫೈಟಾಫ್ತೊರಾ ಎಂಬ ಹೊಸ ಕುಲನಾಮ ಕೊಟ್ಟ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಗಿಡಗಳನ್ನು ಹಾಳುಗೆಡವುವುದು.

ಹತ್ತು ವರ್ಷದ ನಂತರ, 1886ರಲ್ಲಿ, ಬೇರೊಂದು ಶಿಲೀಂಧ್ರದ ಮೇಲೆ ಅವನು ಮಾಡಿದ ಕೆಲಸ ಇನ್ನೂ ಸೊಗಸಾದದ್ದು. ಶಿಲೀಂಧ್ರ ಹಿಡಿದು ಕೊಳೆತ ಅಂಗಾಂಶದಿಂದ ರಸ ತೆಗೆದ. ಎಳೆ ಇಲ್ಲದಿದ್ದರೂ ಆ ರಸವೇ ಗಿಡದ ಜೀವಕೋಶಗಳನ್ನು ಕೊಂದು, ಅವುಗಳ ಗೋಡೆಗಳನ್ನು ಕರಗಿಸಿತು. ಕುದಿಸಿದ ರಸಕ್ಕೆ ಗೋಡೆ ಕರಗಿಸುವ ಶಕ್ತಿ ಉಳಿಯಲಿಲ್ಲ. ಎಳೆ ತಾನು ಮುಟ್ಟುವ ಮೊದಲೇ ಮುಂದಿನದನ್ನು ಕರಗಿಸಿಕೊಳ್ಳುತ್ತದೆ ಎಂದು ಇದರಿಂದ ತಿಳಿಯಿತು. ಕೊಳೆ ಎಳೆಗಿಂತ ಒಂದು ಹೆಜ್ಜೆ ಮುಂದೆ ಕಾಣುವುದೇಕೆ ಎಂಬ ಹಳೆಯ ಒಗಟಿಗೂ ಇದರಲ್ಲಿ ಉತ್ತರವಿತ್ತು.

ಔಷಧ ಬಂದದ್ದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ. ಬೋರ್ಡೋ ಊರಿನ ಸುತ್ತಮುತ್ತ ದಾರಿಯಂಚಿನ ಬಳ್ಳಿಗಳಿಗೆ ಕಳ್ಳರ ಕಾಟ ತಪ್ಪಿಸಲು ತಾಮ್ರದ ಉಪ್ಪು, ಸುಣ್ಣ ಬಳಿಯುತ್ತಿದ್ದರು. ಬೂಷ್ಟು ರೋಗ ಬಂದಾಗ ಆ ಸಾಲಿನ ಎಲೆಗಳು ಮಾತ್ರ ಉಳಿದದ್ದನ್ನು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿದ. 1885ರಲ್ಲಿ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ. ಮಿಲಾರ್ದೆ ಡಿ ಬಾರಿಯ ಬಳಿ ಕಲಿತವನು. ಇಂದಿಗೂ ನಮ್ಮ ತೋಟದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಕಲಸುವುದು ಅದನ್ನೇ.

ಇನ್ನು ನಮ್ಮ ಸೀಮೆಗೆ ಬರೋಣ. ಡಿ ಬಾರಿ ಫೈಟಾಫ್ತೊರಾ ಎಂದು ಹೆಸರಿಟ್ಟ 1876ರಲ್ಲೇ ಇಂಗ್ಲೆಂಡಿನ ಎಂ. ಸಿ. ಕುಕ್ ಮೈಸೂರಿನ ಕಾಫಿ ಎಲೆಗಳ ಮೇಲಿನ ಒಂದು ಶಿಲೀಂಧ್ರವನ್ನು ವಿವರಿಸಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ಕರೆದ. ನಮ್ಮ ಕೊಳೆರೋಗ ಲ್ಯಾಟಿನ್ ಸಸ್ಯನಾಮಾವಳಿಗೆ ಸೇರಿದ್ದು ಹೀಗೆ. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ಆ ಪದವನ್ನೇ ಒಂದು ಕುಲದ ಹೆಸರನ್ನಾಗಿಸಿದ. ಕಾಫಿಯ ಈ ರೋಗದಲ್ಲಿ ಎಳೆಗಳು ರೆಂಬೆಯಿಂದ ಎಲೆಯಡಿಗೆ ಬಲೆಯಂತೆ ಹಬ್ಬುತ್ತವೆ. ಎಲೆ ಕಪ್ಪಾಗಿ ತೊಟ್ಟು ಕಳಚಿದರೂ ನೆಲಕ್ಕೆ ಬೀಳುವುದಿಲ್ಲ. ಕೊಂದ ಎಳೆಗಳಿಗೇ ಜೋತುಬಿದ್ದು ನೇತಾಡುತ್ತದೆ. ಅಡಿಕೆಗೂ ಕಾಫಿಗೂ ನಮ್ಮವರು ಒಂದೇ ಹೆಸರಿಟ್ಟರೂ ಜೀವಿಗಳು ಬೇರೆ ಬೇರೆ.

ಅಡಿಕೆಯ ಕೊಳೆಯ ಕಾರಣ ಹುಡುಕಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಕೆಲಸಕ್ಕೆ ಸೇರಿದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ, 1925ರಲ್ಲಿ. ಅವರು ಬಂದಾಗ ಮಲೆನಾಡಿನ ರೈತರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು. ಅಡಿಕೆ ಹಾಳೆಯದೋ ಕರಡದ ಹುಲ್ಲಿನದೋ ಕೊಟ್ಟೆಯನ್ನು ಮರ ಹತ್ತಿ ಒಂದೊಂದು ಕೊನೆಗೂ ಹೊದಿಸಬೇಕು. ಕೊನೆಗೆ ಮಳೆ ತಾಗದಿದ್ದರೆ ಕೊಳೆ ಬಾರದು ಎಂಬ ಲೆಕ್ಕ. ಉಪಾಯ ಫಲ ಕೊಡುತ್ತಿತ್ತು, ಕೂಲಿ ಮಾತ್ರ ಬಹಳ.

ಕೋಲ್ಮನ್ 1910ರ ಬುಲೆಟಿನ್ನಿನಲ್ಲಿ ರೋಗಕ್ಕೆ ಫೈಟಾಫ್ತೊರಾ ಕಾರಣವೆಂದು ತೋರಿಸಿ, ಅಡಿಕೆಯ ಹೆಸರಿನಲ್ಲಿ ಅದಕ್ಕೊಂದು ಹೊಸ ಪ್ರಭೇದವನ್ನು ಗುರುತಿಸಿದರು. 1913ರಲ್ಲಿ ಅದನ್ನು ‘ಫೈಟಾಫ್ತೊರಾ ಅರೆಕೆ’ ಎಂದು ಸ್ವತಂತ್ರ ಜಾತಿಯಾಗಿ ಎತ್ತಿ ನಿಲ್ಲಿಸಿದವರು ಐರ್ಲೆಂಡಿನಲ್ಲಿ ಆಲೂಗಡ್ಡೆ ರೋಗಗಳ ಮೇಲೆ ಕೆಲಸ ಮಾಡುತ್ತಿದ್ದ ಜಾರ್ಜ್ ಪೆತಿಬ್ರಿಡ್ಜ್. ಐರ್ಲೆಂಡನ್ನು ಉಪವಾಸ ಕೆಡವಿದ ಎಳೆಯೂ ನನ್ನ ಕಿಟಕಿಯ ದಂಡೆಯ ಮೇಲಿನ ಎಳೆಯೂ ಒಂದೇ ಕುಲದವು ಎಂದು ತಿಳಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಕಾರಣ ತಿಳಿದರೂ ಔಷಧ ನಿಲ್ಲಬೇಕಲ್ಲ. ಫ್ರಾನ್ಸಿನ ದ್ರಾಕ್ಷಿಗೆ ಸಾಕಾದ ದ್ರಾವಣ ಮಲೆನಾಡಿನ ಮಳೆಗೆ ತೊಳೆದುಹೋಗುತ್ತಿತ್ತು. ಕೋಲ್ಮನ್ ಅದಕ್ಕೆ ರಾಳ ಮತ್ತು ಸೋಡಾ ಸೇರಿಸಿ ಅಂಟಿಕೊಳ್ಳುವಂತೆ ಮಾಡಿದರು. ಅವರ ನಂತರ ಇದೇ ದಾರಿಯಲ್ಲಿ ದುಡಿದವರು ಮೈಸೂರಿನವರೇ ಆದ ಎಂ. ಜೆ. ನರಸಿಂಹನ್. ಬೇರೆ ಬೇರೆ ಫೈಟಾಫ್ತೊರಾಗಳ ಎಳೆಗಳನ್ನು ಒಟ್ಟಿಗೆ ಬೆಳೆಸಿ ಅವು ಕೂಡುವುದನ್ನು ಕುರಿತು 1930ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ಎಲ್ಲ ಚರಿತ್ರೆ ಹೊರಗಿನಿಂದ ಬಂದವರದ್ದೇ ಎಂದುಕೊಳ್ಳುವ ನಮ್ಮಂಥ ವಿದ್ಯಾರ್ಥಿಗಳು ಇಂಥ ಹೆಸರುಗಳ ಮುಂದೆ ತುಸು ನಿಲ್ಲಬೇಕು.

ತಾಮ್ರದ ಕೆಲಸ ಕಾಯಿಯ ಮೇಲ್ಮೈಯಲ್ಲಿ ಮಾತ್ರ. ಮಳೆಹನಿಯ ಜೊತೆ ಸಿಡಿದು ಬಂದ ಬೀಜಾಣು ಅಲ್ಲಿ ಮೊಳೆಯದಂತೆ ಅದು ತಡೆಯುತ್ತದೆ. ಎಳೆ ಒಮ್ಮೆ ಕಾಯಿಯೊಳಗೆ ಹೊಕ್ಕರೆ ಹೊರಗಿನ ತಾಮ್ರ ಅದನ್ನು ಮುಟ್ಟಲಾರದು. ಕಾಯಿ ಉದುರುವಷ್ಟರಲ್ಲಿ ಎಳೆ ತನ್ನ ಕೆಲಸ ಮುಗಿಸಿ, ಹೊಸ ಬೀಜಾಣುಗಳಿಗಾಗಿ ಬಿಳಿಯಾಗಿ ಹೊರಗೆ ಬರುತ್ತಿರುತ್ತದೆ. ಕಣ್ಣಿಗೆ ಕಂಡ ದಿನ ಔಷಧದ ದಿನ ದಾಟಿಹೋಗಿರುತ್ತದೆ. ಅಜ್ಜ ಆ ವರ್ಷ ಸೋತದ್ದು ಇಲ್ಲಿ. ಅವನು ಜಿಪುಣನಾಗಿರಲಿಲ್ಲ, ಹಟಮಾರಿಯೂ ಅಲ್ಲ. ಎಪ್ಪತ್ತು ವರ್ಷ ತೋಟ ನೋಡಿದ ಕಣ್ಣನ್ನು ನಂಬಿದ, ಅಷ್ಟೆ. ಕಾಣದ್ದನ್ನು ನಂಬಿ ದುಡ್ಡು ಹಾಕುವುದು ಸಣ್ಣ ರೈತನಿಗೆ ಸುಲಭವಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆ ಪೂರ್ತಿಯಾಗುವುದಿಲ್ಲ. ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ ಎಂದು ಈಗ ಒಪ್ಪಿದ್ದಾರೆ. ಅದರ ಕೋಶಭಿತ್ತಿಯಲ್ಲಿ ಶಿಲೀಂಧ್ರಗಳಲ್ಲಿರುವ ಕೈಟಿನ್ನಿಗಿಂತ ಸೆಲ್ಯುಲೋಸ್ ಮುಖ್ಯ. ವಂಶದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರ. ಅಣಬೆಗೂ ಇದಕ್ಕೂ ನೆಂಟಸ್ತಿಕೆ ಬಲು ದೂರದ್ದು. ತುದಿಯಲ್ಲಿ ಬೆಳೆದು, ಹೊರಗೆ ಜೀರ್ಣಿಸಿ, ಸುತ್ತಲಿನದನ್ನು ಹೀರುವ ಒಂದೇ ಬಗೆಯ ಬದುಕನ್ನು ಎರಡು ವಂಶಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ. ನೀರಿನ ವಂಶದ್ದಾದ್ದರಿಂದ ಇದಕ್ಕೆ ನೀರಿನ ಹಂಬಲ ಇನ್ನೂ ಹೋಗಿಲ್ಲ. ಅದರ ಮರಿಗಳು ಈಜಬೇಕು. ಕಾಯಿಯ ಮೇಲೆ ತೆಳ್ಳಗೆ ನೀರಿನ ಪದರವಿಲ್ಲದಿದ್ದರೆ ಅವು ಒಳಗೆ ಹೊಗಲಾರವು.

ಮಳೆಯನ್ನು ದೂರಿದ ಲಿಂಡ್ಲಿಯಾಗಲಿ, ಕೊಟ್ಟೆ ಕಟ್ಟಿದ ನಮ್ಮ ಹಿರಿಯರಾಗಲಿ ಅರ್ಧ ಸತ್ಯ ಹೇಳಿದ್ದರು. ಎಳೆಯನ್ನು ಅದರ ಸುತ್ತಲಿನಿಂದ ಬೇರ್ಪಡಿಸಿ ನೋಡಿದ್ದರಿಂದ ಔಷಧ ಸಿಕ್ಕಿತು. ಆ ಸುತ್ತಲಿನದನ್ನು ಪೂರ್ತಿ ಮರೆತರೆ ಯಾವ ದಿನ ಹೊಡೆಸಬೇಕೆಂಬುದು ಗೊತ್ತಾಗದು. ಎಳೆಯನ್ನು ಕೊಳೆಯಿಂದ ಬಿಡಿಸಿದ ಡಿ ಬಾರಿಯೇ ಬೇರೆ ಬೇರೆ ಜೀವಿಗಳು ಕೂಡಿ ಬಾಳುವುದನ್ನು ಸಹಜೀವನವೆಂದು ಕರೆದು 1879ರಲ್ಲಿ ಬರೆದ. ಕೊಲ್ಲುವ ಪರಾವಲಂಬಿಯನ್ನೂ ಅವನು ಆ ಮಾತಿನೊಳಗೇ ಸೇರಿಸಿದ್ದ.

ಅಜ್ಜ ತೀರಿಕೊಂಡು ಮೂರು ವರ್ಷವಾಯಿತು. ಇದನ್ನು ಅವನಿಗೆ ಹೇಳಲು ಆಗಲಿಲ್ಲ. ಹೋದ ಜುಲೈನಲ್ಲಿ ಊರಿಗೆ ಹೋದಾಗ ಅಪ್ಪ ಎರಡನೆಯ ಸಲದ ಔಷಧಕ್ಕೆ ತಯಾರಿ ಮಾಡುತ್ತಿದ್ದ. ಮರ ಹತ್ತುವವರು ಸಿಗದೆ ಈಗ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಹೊಡೆಯುತ್ತಾರೆ. ತೋಟದಲ್ಲಿ ಒಂದು ಕಾಯಿಯೂ ಉದುರಿರಲಿಲ್ಲ. ಡ್ರಮ್ಮಿನಲ್ಲಿ ಸುಣ್ಣ ಕದಡುತ್ತಿದ್ದ ಅಪ್ಪನಿಗೆ ನಾನು ಲಿಂಡ್ಲಿಯ ಕತೆ, ಈಜುವ ಮರಿಗಳ ಕತೆ ಹೇಳಿದೆ. ಕೋಲು ಆಡಿಸುತ್ತಲೇ ಕೇಳಿದ.

“ಹಂಗಾರೆ ಅಜ್ಜ ಹೇಳಿದ್ದು ಪೂರಾ ತಪ್ಪಲ್ಲ ಅಂತಾತು.”

“ಅರ್ಧ ಸರಿ,” ಎಂದೆ.

ಅಪ್ಪ ಮತ್ತೇನೂ ಹೇಳಲಿಲ್ಲ. ಕೋಲು ತೆಗೆದಿಟ್ಟು ಆಕಾಶ ನೋಡಿದ. ಹೊಡೆದ ಔಷಧ ಒಣಗಿ ಕಾಯಿಗೆ ಹಿಡಿಯಲು ಸ್ವಲ್ಪ ಹೊತ್ತು ಹೊಳವಾಗಬೇಕಿತ್ತು.